ಬಂದದ್ದೆಷ್ಟು, ಉಳಿದದ್ದೆಷ್ಟು?



ಗಡಿಭಾಗದ ನಮ್ಮ ಹಳ್ಳಿಗಳಿಗೆ ಚುನಾವಣೆ ಬಂತೆಂದರೆ ಧ್ವನಿವರ್ಧಕಗಳು ಎರಡು ಭಾಷೆಗಳಲ್ಲಿ ಮೊಳಗುತ್ತವೆ. ಭಾಷೆ ಬೇರೆಯಾದರೂ ಲೆಕ್ಕದ ರೀತಿ ಒಂದೇ: ನಾವು ಇಷ್ಟು ಕೋಟಿ ತಂದೆವು, ಅವರು ಇಷ್ಟು ಕೋಟಿ ಹಾಳು ಮಾಡಿದರು. ಕೇಳಿದವರು ಒಂದೋ ಪೂರ್ತಿ ನಂಬುತ್ತಾರೆ, ಇಲ್ಲವೇ ಎಲ್ಲರೂ ಸುಳ್ಳರೇ ಎಂದು ಪಂಚೆ ಕೊಡವಿ ಏಳುತ್ತಾರೆ. ಇವೆರಡೂ ವಿಚಾರ ಮಾಡುವ ಶ್ರಮದಿಂದ ತಪ್ಪಿಸಿಕೊಳ್ಳುವ ದಾರಿಗಳೇ ಎಂಬುದು ನಮ್ಮ ನಮ್ರ ಅಭಿಪ್ರಾಯ.

ನಮ್ಮೂರಿನ ಉದಾಹರಣೆ ಕೊಟ್ಟರೆ ಪಕ್ಷಾಭಿಮಾನ ಅಡ್ಡ ಬಂದೀತು. ಆದ್ದರಿಂದ ದೂರದ ಬ್ರಿಟನ್ನಿನ ಕಡೆ ನೋಡೋಣ. ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು 2016ರ ಜೂನ್ 23ರಂದು ಅಲ್ಲಿ ಜನಮತ ನಡೆಯಿತು. ಬಿಡಬೇಕೆನ್ನುವವರು ದೊಡ್ಡ ಕೆಂಪು ಬಸ್ಸಿನ ಮೇಲೆ ಒಂದು ಲೆಕ್ಕ ಬರೆಸಿ ಊರೂರು ತಿರುಗಿದರು. ದೇಶವು ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಕಳಿಸುತ್ತಿದೆ, ಅದನ್ನು ಸರಕಾರಿ ಆರೋಗ್ಯ ಸೇವೆಗೆ ಕೊಡೋಣ ಎಂಬುದು ಅದರ ತಾತ್ಪರ್ಯ.

ನಾವು ಬಿ.ಕಾಂ. ಓದಿದವರು, ಪಂಡಿತರಲ್ಲ, ಜಮಾಖರ್ಚು ಮಾತ್ರ ಬಲ್ಲೆವು. ಆ ದೃಷ್ಟಿಯಿಂದ ನೋಡಿದರೆ 2014ರ ಅಧಿಕೃತ ಲೆಕ್ಕ ಹೀಗಿದೆ. ಒಟ್ಟು ವಂತಿಗೆ 1,910 ಕೋಟಿ ಪೌಂಡು. ಆದರೆ 1984ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ಪಡೆದ ರಿಯಾಯಿತಿಯಿಂದ ಅದರಲ್ಲಿ 440 ಕೋಟಿ ಮೊದಲೇ ಕಡಿತವಾಗುತ್ತಿತ್ತು. ಆ ಹಣ ದೇಶ ಬಿಟ್ಟು ಹೋಗುತ್ತಲೇ ಇರಲಿಲ್ಲ. ಉಳಿದ 1,470 ಕೋಟಿಯಲ್ಲಿ ಸುಮಾರು 480 ಕೋಟಿ ಕೃಷಿ ಸಹಾಯಧನ ಮುಂತಾದ ರೂಪದಲ್ಲಿ ತಿರುಗಿ ಬರುತ್ತಿತ್ತು. ನಿವ್ವಳ 990 ಕೋಟಿ, ಅಂದರೆ ವಾರಕ್ಕೆ ಸುಮಾರು 19 ಕೋಟಿ. ಸೊಲ್ಲಾಪುರದ ಪೇಟೆಗೆ ಉಳ್ಳಾಗಡ್ಡಿ ಒಯ್ದ ರೈತ ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆಯದೆ ಇಷ್ಟು ಗಳಿಸಿದೆ ಎಂದರೆ ಮನೆಯವರು ನಂಬುತ್ತಾರೆಯೇ? ಆ ದೇಶದ ಅಂಕಿಅಂಶ ಪ್ರಾಧಿಕಾರದ ಅಧ್ಯಕ್ಷರೇ ಈ ಲೆಕ್ಕ ದಾರಿ ತಪ್ಪಿಸುವಂಥದೆಂದು ಹೇಳಿದರು. ಬಸ್ಸು ನಿಲ್ಲಲಿಲ್ಲ.

ಹಾಗೆಂದು ಎದುರು ಪಕ್ಷದವರು ಸಾಚಾ ಎಂದು ತಿಳಿಯಬಾರದು. ಒಕ್ಕೂಟ ಬಿಟ್ಟರೆ 2030ರ ಹೊತ್ತಿಗೆ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 4,300 ಪೌಂಡು ನಷ್ಟ ಎಂದು ಅಲ್ಲಿನ ಹಣಕಾಸು ಇಲಾಖೆ ಸಾರಿತು. ಅದು ಬಂದದ್ದು ಹೇಗೆ? ಬಿಡದಿದ್ದರೆ ಆಗಬಹುದಾದ ರಾಷ್ಟ್ರೀಯ ಉತ್ಪನ್ನಕ್ಕಿಂತ, ಬಿಟ್ಟರೆ ಅದು ಶೇ. 6.2ರಷ್ಟು ಕಡಿಮೆಯಾದೀತೆಂದು ಅಂದಾಜಿಸಿ, ಆ ಅಂತರವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರು. ದೇಶದ ಉತ್ಪನ್ನವೆಲ್ಲ ಕುಟುಂಬದ ಕೈಗೆ ಬರುವ ಆದಾಯವಲ್ಲ. ಮೇಲಾಗಿ, ಕಡಿಮೆ ಬೆಳೆಯುವುದು ಬೇರೆ, ಇಂದಿಗಿಂತ ಬಡವರಾಗುವುದು ಬೇರೆ. ಮನೆಯೊಡತಿಯ ಕಿವಿಗೆ ಮಾತ್ರ ತನ್ನ ಪರ್ಸಿನಿಂದ 4,300 ಕಳುವಾದಂತೆ ಕೇಳಿಸಿತು. ಸಂಸತ್ತಿನ ಹಣಕಾಸು ಸಮಿತಿ ಎರಡೂ ಕಡೆಯವರನ್ನು ಟೀಕಿಸಿತು.

ಇಲ್ಲಿ ಒಂದು ಎಚ್ಚರಿಕೆ. ಲೆಕ್ಕ ತಪ್ಪಾದ ಮಾತ್ರಕ್ಕೆ ನಿರ್ಣಯವೂ ತಪ್ಪೆಂದಾಗದು. ನಮ್ಮ ಕಾನೂನು ನಾವೇ ಮಾಡಿಕೊಳ್ಳಬೇಕೆಂದು ಬಿಡಲು ಬಯಸಿದವರಿದ್ದರು. ನೆರೆಯವರೊಡನೆ ಕೂಡಿ ಬಾಳಬೇಕೆಂದು ಇರಲು ಬಯಸಿದವರೂ ಇದ್ದರು. ಆ ಕಾರಣಗಳನ್ನು ಬಸ್ಸಿನ ಲೆಕ್ಕ ಎತ್ತಿ ಹಿಡಿಯಲೂ ಇಲ್ಲ, ಕೆಡವಲೂ ಇಲ್ಲ. ಶೇ. 52 ಜನ ಬಿಡುವುದಕ್ಕೆ ಮತ ಹಾಕಿದರು. ಅದು ಅವರ ಹಕ್ಕು. ನಮ್ಮ ಪ್ರಶ್ನೆ, ಕೇಳಿದವರ ವಿವೇಕಕ್ಕೆ ಹೇಳಿದವರು ಮರ್ಯಾದೆ ಕೊಟ್ಟರೇ ಎಂಬುದು.

ಈ ಪ್ರಶ್ನೆ ಕೇಳುವ ಅರ್ಹತೆ ನಮಗಿದೆಯೇ? ಕೆಲವು ವರ್ಷಗಳ ಹಿಂದೆ ಜಾತ್ರೆಯ ವರದಿಯಲ್ಲಿ ಬಂದ ಕಾಣಿಕೆಯ ಮೊತ್ತವನ್ನು ನಾವು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆವು. ಮಂಟಪದ ಬಾಡಿಗೆ, ದಾಸೋಹದ ಕಿರಾಣಿ ಬಾಕಿ ಒಳಪುಟದಲ್ಲಿ ಸಣ್ಣಗೆ ಇದ್ದವು. ಅಕ್ಕಲಕೋಟೆ ಕಡೆಯ ಹಿರಿಯ ಭಕ್ತರೊಬ್ಬರು ವರದಿ ಮಡಚುತ್ತ, "ತಮ್ಮಾ, ಬಂದದ್ದು ಬರದೀರಿ. ಉಳದದ್ದೆಷ್ಟು?" ಎಂದರು. ವರದಿಯಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ಆದರೂ ನಮ್ಮ ತಲೆ ತಗ್ಗಿತು. ಕಾರ್ಯ ಒಳ್ಳೆಯದು, ಲೆಕ್ಕ ಚೂರು ಉಬ್ಬಿದರೇನಂತೆ ಎಂದು ನಮ್ಮ ಮನಸ್ಸು ಒಳಗೇ ಹೇಳಿಕೊಂಡಿತ್ತು. ಆ ಬಸ್ಸಿನವರೂ ಆ ಇಲಾಖೆಯವರೂ ಬಹುಶಃ ಹಾಗೆಯೇ ಹೇಳಿಕೊಂಡಿರಬೇಕು.

ಕಾರ್ಯ ಒಳ್ಳೆಯದಾದರೆ ತಿಳಿಸಿ ಕೇಳಲು ಹೆದರಿಕೆ ಏಕೆ? ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಅದು ಮತವಾಗಲಿ, ಕಾಣಿಕೆಯಾಗಲಿ. ಕಲ್ಯಾಣದಲ್ಲಿ ಭಂಡಾರಿಯಾಗಿ ಅರಸನ ಬೊಕ್ಕಸ ನೋಡಿಕೊಂಡ ಬಸವಣ್ಣನವರ ಹೆಸರು ಹೇಳುವ ನಮಗೆ ಲೆಕ್ಕದ ಶುದ್ಧಿಯೂ ಕಾಯಕವೇ.

ಮುಂದಿನ ಸಲ ಧ್ವನಿವರ್ಧಕ ಕೂಗಿದಾಗ ಮೂರು ಮಾತು ಕೇಳಿರಿ: ಇದು ಒಟ್ಟೋ ನಿವ್ವಳವೋ? ಯಾವುದಕ್ಕೆ ಹೋಲಿಸಿ ಹೆಚ್ಚು, ಯಾವುದಕ್ಕೆ ಹೋಲಿಸಿ ಕಡಿಮೆ? ಯಾರ ಕೈಗೆ ಬಂತು? ನಿಮ್ಮ ಮೆಚ್ಚಿನ ಪಕ್ಷಕ್ಕೆ ಮೊದಲು ಕೇಳಿರಿ. ನಮಗೂ ಕೇಳಿರಿ. ಅಂದಿನಿಂದ ಮಠದ ವರದಿಯಲ್ಲಿ ಜಮೆ, ಖರ್ಚು, ಶಿಲ್ಕು ಮೂರೂ ಒಂದೇ ಪುಟದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಬರುತ್ತಿವೆ. ತಪ್ಪು ಕಂಡರೆ ಭಕ್ತರು ತಿಳಿಸಬೇಕೆಂದು ವಿನಂತಿ.