ಸೋಸಿ ಕೊಡುವವರು

ಹುನಗುಂದ ಭಾಗದ ಮರೋಳ ಏತ ನೀರಾವರಿಯ ಎರಡನೇ ಹಂತದಲ್ಲಿ 24,000 ಹೆಕ್ಟೇರ್ ಹೊಲಕ್ಕೆ ಹನಿ ನೀರಾವರಿಯ ಪೈಪು ಹಾಕಲಾಗಿದೆ. ಹನಿ ನೀರಾವರಿಗೆ ಹೊಳೆಯ ನೀರನ್ನು ಎತ್ತಿದ ಹಾಗೇ ಬಿಡಲಾಗದು. ಸೋಸದೆ ಬಿಟ್ಟರೆ ಸಣ್ಣ ತೂತುಗಳಲ್ಲಿ ಕೆಸರು ಕಟ್ಟಿ ಸಾಲಿನ ತೊಗರಿ ಒಣಗುತ್ತದೆ. ಲಿನಕ್ಸ್ ಕಂಪ್ಯೂಟರಿಗೆ ತಂತ್ರಾಂಶ ಬರುವ ದಾರಿಯಲ್ಲೂ ಇಂಥ ಸೋಸುವ ಕೆಲಸವೊಂದು ನಡೆಯುತ್ತದೆ. ಅದನ್ನು ಮಾಡುವವರನ್ನು ನಾವು ನೆನೆಯುವುದೇ ಇಲ್ಲ.

ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ಲಿಬ್ರೆಆಫೀಸ್ 2010ರ ಸೆಪ್ಟೆಂಬರಿನಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆಯಿತು. ಡೆಬಿಯನ್ ಎಂಬ ಲಿನಕ್ಸ್ ಬಳಸುವವರು ಒಂದು ಸಾಲಿನ ಆದೇಶ ಕೊಟ್ಟರೆ ಅದು ಬಂದು ಕೂರುತ್ತದೆ. ಇನ್ನೊಂದು ಸಣ್ಣ ಪ್ಯಾಕೇಜ್ ಸೇರಿಸಿದರೆ ಮೆನುಗಳು ಕನ್ನಡವಾಗುತ್ತವೆ. ಆ ಒಂದು ಸಾಲಿನ ಹಿಂದೆ ಪ್ಯಾಕೇಜ್ ಮಾಡುವವರ ದೊಡ್ಡ ದುಡಿಮೆಯಿದೆ. ಸೋರ್ಸ್ ಕೋಡ್ ತಂದು, ಯಾವ ಫೈಲಿಗೆ ಯಾವ ಲೈಸೆನ್ಸ್ ಎಂದು ಬರೆದಿಟ್ಟು, ಬೇರೆ ಬೇರೆ ಪ್ರೊಸೆಸರ್‌ಗಳಿಗೆ ಕಂಪೈಲ್ ಮಾಡಿ, ಡಿಜಿಟಲ್ ಸಹಿ ಬಿದ್ದ ಮೇಲೆಯೇ ಅದು ತಂತ್ರಾಂಶಗಳ ಅಧಿಕೃತ ಭಂಡಾರವಾದ ರೆಪೊಸಿಟರಿಗೆ ಸೇರುವುದು.

ಇದರಲ್ಲಿ ಕನ್ನಡಿಗರಿಗೆ ತೀರ ಹತ್ತಿರದ ಸಂಗತಿ ಒಂದಿದೆ. ‘ಸೂರ್ಯ’ ಎಂದು ಬರೆದಾಗ ರಕಾರ ಅರ್ಕಾವೊತ್ತಾಗಿ ಯಕಾರದ ಆಚೆಗೆ ಹೋಗಬೇಕು. ‘ರ‍್ಯಾಲಿ’ ಎಂದು ಬರೆದಾಗ ರಕಾರ ಇದ್ದಲ್ಲೇ ಇದ್ದು ಯಕಾರ ಒತ್ತಾಗಿ ಕೆಳಗಿಳಿಯಬೇಕು. ತೆರೆಯ ಮೇಲೆ ಈ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಲಿಬ್ರೆಆಫೀಸ್ 2017ರ 5.3ನೇ ಆವೃತ್ತಿಯಿಂದ ಎಲ್ಲ ಕಡೆಯೂ ಇದನ್ನೇ ನೆಚ್ಚಿದೆ. ತಂತ್ರಾಂಶ ತಯಾರಿಸುವವರು ಇಂಥ ಲೈಬ್ರರಿಗಳ ಪ್ರತಿಗಳನ್ನು ಜೊತೆಗೇ ಕಟ್ಟಿ ಕಳಿಸುತ್ತಾರೆ. ಪ್ಯಾಕೇಜ್ ಮಾಡುವವರು ಆದಷ್ಟೂ ಆ ಗಂಟನ್ನು ಬಿಚ್ಚಿ, ಇಡೀ ಕಂಪ್ಯೂಟರಿಗೆ ಒಂದೇ ಪ್ರತಿ ಇರುವಂತೆ ನೋಡಿಕೊಳ್ಳುತ್ತಾರೆ. ಒತ್ತಕ್ಷರದ ದೋಷವನ್ನು ಅಲ್ಲೊಮ್ಮೆ ತಿದ್ದಿದರೆ ಅದನ್ನು ಬಳಸುವ ಎಲ್ಲ ತಂತ್ರಾಂಶಗಳಲ್ಲೂ ಕನ್ನಡ ಸರಿಹೋಗುತ್ತದೆ. ಭದ್ರತೆಯ ತೂತು ಮುಚ್ಚುವುದೂ ಹೀಗೆಯೇ. ಈ ಹಠದಿಂದ ಹೊಸ ಆವೃತ್ತಿ ತಡವಾಗಿ ಬರುತ್ತದೆಂದು ದೂರುವವರಿದ್ದಾರೆ. ಸರ್ಕಾರಿ ಶಾಲೆಯ, ಪಂಚಾಯಿತಿ ಕಚೇರಿಯ ಕಂಪ್ಯೂಟರಿಗೆ ಹೊಸದಕ್ಕಿಂತ ನೆಚ್ಚಿಕೆಯದೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಸೋಸುವ ಕೈಗಳು ಕೆಲವೇ. 2023ರ ಜೂನ್‌ನಲ್ಲಿ ರೆಡ್‌ಹ್ಯಾಟ್ ಕಂಪನಿ ಲಿಬ್ರೆಆಫೀಸ್ ಪ್ಯಾಕೇಜುಗಳ ಹೊಣೆ ಬಿಟ್ಟಾಗ ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಅವು ಅನಾಥವಾದವು. ಸ್ವಯಂಸೇವಕರು ಬೇಗನೆ ಗುಂಪು ಕಟ್ಟಿಕೊಂಡು ಮುಂದೆ ಬಂದದ್ದರಿಂದ ಉಳಿದುಕೊಂಡವು. ಅಷ್ಟು ದೊಡ್ಡ ತಂತ್ರಾಂಶಕ್ಕೇ ಹೀಗಾದರೆ ಅದರೊಳಗಿನ ಕನ್ನಡದ ಗತಿಯೇನು? ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ರೆಪೊಸಿಟರಿಯಲ್ಲಿವೆ. ಅವೂ ತಾವಾಗಿ ಹೋಗಿ ಸೇರಿದವಲ್ಲ; ಯಾರೋ ಬಿಡುವು ಮಾಡಿಕೊಂಡು ಕೂತು ಸೇರಿಸಿದ್ದು.

ಬಾಗಲಕೋಟೆ, ಇಳಕಲ್, ಬಾದಾಮಿ ಕಡೆ ಕಂಪ್ಯೂಟರ್ ಓದುತ್ತಿರುವ ಮಕ್ಕಳು ಈ ಕೆಲಸಕ್ಕೆ ಕೈಹಚ್ಚಬೇಕು. ಬೆಂಗಳೂರಿಗೆ ಹೋಗಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಡೆಬಿಯನ್‌ಗೆ ಒಂದು ಇಮೇಲ್ ಬರೆದರೂ ದೋಷ ದಾಖಲಾಗುತ್ತದೆ. ಲಿಬ್ರೆಆಫೀಸ್‌ನ ಅನುವಾದ ವೆಬ್‌ಲೇಟ್ ಎಂಬ ತಾಣದಲ್ಲಿ ಯಾರು ಬೇಕಾದರೂ ಸೇರಬಹುದಾದಂತೆ ನಡೆಯುತ್ತದೆ. ಮೊದಲು ಕನ್ನಡದ ಮೆನು ಹಾಕಿಕೊಂಡು ಒಂದು ಅರ್ಜಿ ಬರೆದು ನೋಡಿ. ಎಲ್ಲಿ ಒತ್ತು ತಪ್ಪಿದೆ, ಎಲ್ಲಿ ಇಂಗ್ಲಿಷ್ ಹಾಗೇ ಉಳಿದಿದೆ ಎಂದು ಗುರುತು ಹಾಕಿಕೊಳ್ಳಿ, ಬರೆದು ಕಳಿಸಿ.