ಹಿಂದಿನಂತಿಲ್ಲ!

ನನ್ನ ವಿದ್ಯಾರ್ಥಿಯೊಬ್ಬ ಮೊನ್ನೆ ಅಮೆರಿಕದ ರಾಕ್ ತಂಡವೊಂದರ ಸಂಗತಿ ಹೇಳುತ್ತಿದ್ದ. ಎದೆಯ ಬೇಗುದಿಯನ್ನೇ ಹಾಡಾಗಿಸುವ, 'ಎಮೋ' ಎಂದು ಕರೆಸಿಕೊಳ್ಳುವ ಪಂಥದ ಈ 'ಅಮೆರಿಕನ್ ಫುಟ್‌ಬಾಲ್' ತಂಡ 1999ರಲ್ಲಿ ಮೊದಲ ಆಲ್ಬಂ ತಂದು ಚದುರಿಹೋಯಿತು. ಎರಡನೆಯದು ಬಂದದ್ದು 2016ರಲ್ಲಿ. "ಅದರಲ್ಲಿ ಹಳೆಯ ನೋವೇ ಇಲ್ಲ ಸಾರ್" ಎಂದು ಅವನ ದೂರು. ಮೊದಲನೆಯದು ಬಂದಾಗ ಈ ಮಹಾಶಯ ಹುಟ್ಟಿಯೇ ಇರಲಿಲ್ಲ! ನಕ್ಕೆ. ಆದರೆ ಯಕ್ಷಗಾನದ ವಿಷಯದಲ್ಲಿ ನಾನೂ ಅವನ ಬಳಗದವನೇ ಎಂದು ನೆನಪಾಗಿ ನಗು ನಿಂತಿತು.

ನಮ್ಮ ನೆರೆಯ ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಗ್ರಂಥಕ್ಕಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಆ ಕಲೆಯ ಹಳಮೆಯನ್ನು ಅಷ್ಟು ಬಲ್ಲವರೇ ಅರುವತ್ತರ ಆಸುಪಾಸಿನಲ್ಲಿ ಅದರ ಮಾತನ್ನು ಕಳೆದು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಕೂಡಿಸಿ ನೃತ್ಯರೂಪಕ ಕಟ್ಟಿದರು. ಇದು ಯಕ್ಷಗಾನವೇ ಅಲ್ಲವೆಂಬ ಆಕ್ಷೇಪವೆದ್ದಿತು. ಅರ್ಥಗಾರಿಕೆಯಿಲ್ಲದ ಆಟ ನನಗೂ ಉಪ್ಪಿಲ್ಲದ ಗಂಜಿ. ಆ ಮಟ್ಟಿಗೆ ನನ್ನ ಮತ ಆಕ್ಷೇಪಿಸಿದವರಿಗೇ. ಆದರೆ 'ಇದು ಅದಲ್ಲ' ಎಂದ ಮಾತ್ರಕ್ಕೆ 'ಇದೇನು' ಎಂಬುದಕ್ಕೆ ಉತ್ತರ ಕೊಟ್ಟಂತಾಯಿತೇ?

ಇನ್ನು, ಮೂಡುಬಿದಿರೆಯ ಬಳಿ ಮಾರೂರಿನಲ್ಲಿ ನೆಲಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಅಜ್ಜನಿಂದ ಬಂದ ಹಾಡುಗಾರಿಕೆಯ ಧಾಟಿಯನ್ನು ಬಿಟ್ಟವರಲ್ಲ. ಅಂಥದ್ದನ್ನು ಓಬೀರಾಯನ ಕಾಲದ್ದೆಂದು ಮೂಗು ಮುರಿಯುವ ಎಳೆಯರನ್ನೂ ಕಂಡಿದ್ದೇನೆ. ಬದಲಾದರೆ ದ್ರೋಹ, ಬದಲಾಗದಿದ್ದರೆ ಜಡತೆ! ವಯಸ್ಸಾದ ಕಲಾವಿದನು ಮಾಡಬೇಕಾದುದಾದರೂ ಏನು?

ಕೆಲವು ವರ್ಷಗಳ ಹಿಂದೆ ಕೊಕ್ಕಡದಲ್ಲಿ ಹರಕೆಯ ಆಟ. ಹುಡುಗನಾಗಿದ್ದಾಗ ನಾನು ಮೈಮರೆತು ಕೇಳಿದ್ದ ಭಾಗವತರೊಬ್ಬರು ನಡುರಾತ್ರಿ ಕಳೆದು ಜಾಗಟೆ ಹಿಡಿದರು. ಎರಡು ಪದ ಕೇಳಿದೆ. ಮೇಲಿನ ಸ್ವರದಲ್ಲಿ ಕಂಠ ನಡುಗಿತು. ಒಂದೆಡೆ ಉಸಿರು ಸಾಲಲಿಲ್ಲ. "ಹಿಂದಿನಂತಿಲ್ಲ" ಎಂದು ಪಕ್ಕದವರಿಗೆ ಹೇಳಿ ಎದ್ದು ಬಂದೆ. ಮಾರನೆಯ ದಿನ ಸಹೋದ್ಯೋಗಿಗಳ ಮುಂದೆ ಅದನ್ನೇ ದೊಡ್ಡ ವಿಮರ್ಶೆಯಾಗಿ ಬೆಳೆಸಿದೆ. ನಿಜಕ್ಕೂ ಆ ರಾತ್ರಿ ನಾನು ಅರಸಿದ್ದು ಅವರ ಕಂಠವನ್ನೋ, ತಂದೆಯ ಶಾಲಿನೊಳಗೆ ಮುದುಡಿ ಕುಳಿತು ಆಟ ನೋಡುತ್ತಿದ್ದ ಹುಡುಗನನ್ನೋ? ಆ ಹುಡುಗ ಬಾರದೆ ಹೋದುದಕ್ಕೆ ಭಾಗವತರಿಗೆ ದಂಡ ವಿಧಿಸಿದೆ.

ವಾರ ಕಳೆದು, ಆಟ ಆಡಿಸಿದ ಮನೆಯ ಹಿರಿಯರು ಪೇಟೆಯಲ್ಲಿ ಸಿಕ್ಕಿದರು. "ಮಾಸ್ಟ್ರೇ, ಬೆಳಗಿನ ಜಾವ ಭಾಗವತರು ಹಾಡಿದ್ದು ಹೇಗಿತ್ತು? ನನಗಂತೂ ಕಣ್ಣು ತುಂಬಿಬಂತು" ಎಂದರು.

"ಬಹಳ ಚೆನ್ನಾಗಿತ್ತು" ಎಂದೆ.