ಸ್ನೇಹವೂ ಸತ್ಯದರ್ಶನವೂ

ಸ್ನೇಹವುಳ್ಳವನು ದೋಷವನ್ನು ಕಾಣಲಾರನೆಂದು ಲೋಕವು ಹೇಳುತ್ತದೆ. ಹಾಗಾದರೆ ಸ್ನೇಹಿತನು ಬರೆದ ಸ್ನೇಹಿತನ ಚಿತ್ರವನ್ನು ನಂಬುವುದೆಂತು?

ಜರ್ಮನ್ ಚಿತ್ರಕಾರ ಕಾರ್ಲ್ ಫಿಲಿಪ್ ಫೋರನು ರೋಮ್ ನಗರದ ಕಾಫೆ ಗ್ರೇಕೋದಲ್ಲಿ ಕೂಡುತ್ತಿದ್ದ ಸಹಕಲಾವಿದರ ಮುಖಗಳನ್ನು ಪೆನ್ಸಿಲಿನಿಂದ ಬರೆದಿಟ್ಟನು. ಅವರೆಲ್ಲರನ್ನು ಒಂದೇ ಪಟದಲ್ಲಿ ಸೇರಿಸುವ ಸಂಕಲ್ಪವು ಕೈಗೂಡುವ ಮೊದಲೇ, 1818ರಲ್ಲಿ, 22 ವರುಷದ ಆ ತರುಣನು ಟೈಬರ್ ನದಿಯಲ್ಲಿ ಮುಳುಗಿ ತೀರಿಕೊಂಡನು.

ಧಣಿಯ ಚಿತ್ರವನ್ನು ಬರೆಯುವವನಿಗೆ ಧಣಿಯ ಇಷ್ಟಾನಿಷ್ಟಗಳ ಹಂಗುಂಟು. ಇಲ್ಲಿಯಾದರೋ ಎದುರಿಗೆ ಕುಳಿತವನೂ ರೇಖೆಯ ಮರ್ಮವನ್ನು ಬಲ್ಲವನು. ಮುಖಸ್ತುತಿಯು ಅವನ ಕಣ್ಣಿಗೆ ಒಡನೆ ಬಯಲಾಗುವುದು. ಮೋಹವು ದೋಷವನ್ನು ಮುಚ್ಚುತ್ತದೆ. ಸ್ನೇಹವು ಅದನ್ನು ಕಂಡೂ ಕೈಬಿಡದು. ಆದುದರಿಂದ ಸ್ನೇಹವು ಸತ್ಯಕ್ಕೆ ವೈರಿಯಲ್ಲ.

ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮನ ಹೆಸರು ಕಲ್ಲಿನಲ್ಲಿ ಉಳಿದಿದೆ. ಹೆಸರನ್ನು ತಾನೇ ಕೊರೆದಿಡಬಹುದು. ಪರರು ಕಂಡ ಮುಖವನ್ನು ಉಳಿಸುವುದಕ್ಕೆ ಒಡನಾಡಿಯೇ ಬೇಕು.